ಹಳೆಯ ಟ್ರ್ಯಾಕ್ಟರಿಗೆ ಹೊಸ ವೈರಿಂಗ್ ಸೆಟ್ಟಿನ ಆಯ್ಕೆ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ ಟ್ರ್ಯಾಕ್ಟರುಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ. ಎಂಜಿನ್, ಗೇರುಪೆಟ್ಟಿಗೆಗಳನ್ನು ಕಾಲಕಾಲಕ್ಕೆ ದುರಸ್ತಿ ಮಾಡಿಸುವ ರೈತರು ವಿದ್ಯುತ್ ತಂತಿಗಳ ಕಡೆಗೆ ಗಮನ ಕೊಡುವುದು ಕಡಿಮೆ. ಎಂಜಿನ್ನಿನ ಕಾವು, ಡೀಸೆಲ್ ಜಿಡ್ಡು, ಇಲಿಗಳ ಕಾಟ ಇವುಗಳಿಂದ ತಂತಿಯ ಹೊದಿಕೆ ಸೀಳಿ, ಒಳಗಿನ ಎಳೆ ಕಬ್ಬಿಣಕ್ಕೆ ತಾಗಿದರೆ ಕಿಡಿ ಹಾರುತ್ತದೆ. ಒಣಹುಲ್ಲು ತುಂಬಿದ ಟ್ರೈಲರ್ ಹಿಂದೆ ಇದ್ದಾಗ ಅಥವಾ ಬಣವೆಯ ಮಗ್ಗುಲಲ್ಲಿ ಹೀಗಾದರೆ ಏನಾದೀತೆಂಬುದನ್ನು ಹೇಳಬೇಕಾಗಿಲ್ಲ. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದೆ ರಾತ್ರಿ ರಸ್ತೆಯಲ್ಲಿ ಸಾಗುವ ಟ್ರೈಲರುಗಳಂತೂ ಪ್ರಾಣಕ್ಕೇ ಅಪಾಯ.

ಆದರೆ ದೀಪ ಮಂಕಾದ ಮಾತ್ರಕ್ಕೆ ಸೆಟ್ ಬದಲಿಸಬೇಕಾಗಿಲ್ಲ. ದೀಪವನ್ನು ಉರಿಸಿ, ಬ್ಯಾಟರಿಯ ಅರ್ತ್ ತುದಿಯಿಂದ ದಪ್ಪ ತಂತಿಯೊಂದನ್ನು ತಂದು ದೀಪದ ಲೋಹದ ಭಾಗಕ್ಕೆ ಮುಟ್ಟಿಸಿರಿ. ಬೆಳಕು ಕೂಡಲೆ ಹೆಚ್ಚಿದರೆ ದೋಷ ಅರ್ತಿನದು. ಬೋಲ್ಟಿನ ಸುತ್ತಲಿನ ತುಕ್ಕು, ಬಣ್ಣಗಳನ್ನು ಕೆರೆದು ಬಿಗಿ ಮಾಡಿದರೆ ಸಾಕು. ಹೊದಿಕೆಯೇ ಬಿರುಸಾಗಿ, ಬಾಗಿಸಿದಾಗ ಪುಡಿಯಾಗುತ್ತಿದ್ದರೆ ಮಾತ್ರ ಇಡೀ ಸೆಟ್ಟನ್ನು ಬದಲಿಸುವುದು ಉತ್ತಮ. ಅಲ್ಲಲ್ಲಿ ತೇಪೆ ಹಾಕುವುದರಿಂದ ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವುದು ಟ್ರ್ಯಾಕ್ಟರಿನ ಮಾದರಿಯನ್ನು ಮಾತ್ರ. ಅಷ್ಟು ಸಾಲದು. ಮೊದಲು ತಿಳಿಯಬೇಕಾದುದು ನಿಮ್ಮ ಯಂತ್ರದಲ್ಲಿ ಈಗ ಇರುವುದು ಡೈನಮೋವೋ ಆಲ್ಟರ್ನೇಟರೋ ಎಂಬುದು. ಕಾರ್ಖಾನೆಯಿಂದ ಡೈನಮೋ ಸಮೇತ ಬಂದ ಎಷ್ಟೋ ಯಂತ್ರಗಳಿಗೆ ಆಮೇಲೆ ಆಲ್ಟರ್ನೇಟರ್ ಹಾಕಿಸಲಾಗಿದೆ. ಡೈನಮೋ ಇರುವಲ್ಲಿ ಕಟೌಟ್ ಇರುವ ರೆಗ್ಯುಲೇಟರ್ ಪೆಟ್ಟಿಗೆ ಬೇರೆಯಾಗಿರುತ್ತದೆ. ಅದಕ್ಕೆ ಹೋಗುವ ತಂತಿಗಳು ಆಲ್ಟರ್ನೇಟರಿಗೆ ಹೊಂದುವುದಿಲ್ಲ. ಇದಕ್ಕಿಂತ ಮುಖ್ಯವಾದುದು ವಿದ್ಯುತ್ತಿನ ಪ್ರಮಾಣ. ಹಳೆಯ ಡೈನಮೋಗಳು ಕೊಡುತ್ತಿದ್ದುದು ಸಾಮಾನ್ಯವಾಗಿ 11ರಿಂದ 22 ಆಂಪಿಯರ್. ಆಲ್ಟರ್ನೇಟರ್ 35 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ಕೊಡಬಲ್ಲದು. ಹಳೆಯ ಮಾದರಿಯ ಸೆಟ್ಟಿನಲ್ಲಿ ಆ ವಿದ್ಯುತ್ತೆಲ್ಲ ಆಮ್‌ಮೀಟರಿನ ತಂತಿಯಲ್ಲೇ ಹಾದುಹೋಗಬೇಕು. ಬ್ಯಾಟರಿ ಇಳಿದಿದ್ದ ದಿನ ಆ ತಂತಿ ಕಾಯುವುದು ಖಂಡಿತ.

ಎರಡನೆಯದು, ಬ್ಯಾಟರಿಯ ಯಾವ ತುದಿ ಚಾಸಿಗೆ ಕೂಡಿದೆ ಎಂಬುದು. ಹಳೆಯ ಇಂಗ್ಲಿಷ್ ಮಾದರಿಯ ಹಲವು ಯಂತ್ರಗಳಲ್ಲಿ ಪಾಸಿಟಿವ್ ತುದಿಯೇ ಅರ್ತ್ ಆಗಿರುತ್ತಿತ್ತು. ಇದನ್ನು ನೋಡದೆ ಆಲ್ಟರ್ನೇಟರಿಗೆ ಬ್ಯಾಟರಿಯನ್ನು ತಿರುವುಮುರುವಾಗಿ ಜೋಡಿಸಿದರೆ ಅದರ ಡಯೋಡುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಇನ್ನು ತಂತಿಯ ದಪ್ಪ. ಕಡಿಮೆ ಬೆಲೆಯ ಸೆಟ್ಟುಗಳಲ್ಲಿ ಮೋಸವಾಗುವುದು ಇಲ್ಲಿಯೇ; ಹೊದಿಕೆ ದಪ್ಪ, ಒಳಗಿನ ತಾಮ್ರ ತೆಳುವು. ಆದ್ದರಿಂದ ತುದಿಯನ್ನು ಸುಲಿದು ಎಳೆಗಳನ್ನು ಎಣಿಸಬೇಕು. 0.30 ಮಿ.ಮೀ. ದಪ್ಪದ 9 ಎಳೆಗಳ ತಂತಿ 5.75 ಆಂಪಿಯರಿಗೆ, 14 ಎಳೆಗಳದು 8.75ಕ್ಕೆ, 28 ಎಳೆಗಳದು 17.5ಕ್ಕೆ, 65 ಎಳೆಗಳದು 35 ಆಂಪಿಯರಿಗೆ ಎಂಬುದು ಹಿಂದಿನಿಂದ ಬಂದ ಲೆಕ್ಕ. 12 ವೋಲ್ಟಿನ ಟ್ರ್ಯಾಕ್ಟರಿನಲ್ಲಿ 45 ವಾಟಿನ ಎರಡು ಮುಂದೀಪಗಳು ಎಳೆಯುವುದು 7.5 ಆಂಪಿಯರ್. ನಾಲ್ಕು ಮೀಟರ್ ಉದ್ದದ 9 ಎಳೆಗಳ ತಂತಿಯಲ್ಲಿ ಇದನ್ನು ಹರಿಸಿದರೆ ದಾರಿಯಲ್ಲೇ ಸುಮಾರು 0.8 ವೋಲ್ಟ್ ನಷ್ಟವಾಗಿ, ಬೆಳಕು ಐದರಲ್ಲಿ ಒಂದು ಪಾಲು ಕುಗ್ಗುತ್ತದೆ. 28 ಎಳೆಗಳದ್ದಾದರೆ ನಷ್ಟ ಕಾಲು ವೋಲ್ಟಿನ ಆಸುಪಾಸು. ರಾತ್ರಿ ಉಳುಮೆಗೆ ಕಣ್ಣು ಕಾಣುವುದಿಲ್ಲವೆಂದು ದೊಡ್ಡ ಬಲ್ಬು ಹಾಕಿಸುವವರು ಮೊದಲು ಈ ಲೆಕ್ಕ ನೋಡುವುದು ಒಳ್ಳೆಯದು. 35 ಆಂಪಿಯರಿನ ಆಲ್ಟರ್ನೇಟರಿನ ಮುಖ್ಯ ತಂತಿಗೆ 65 ಎಳೆ ಕನಿಷ್ಠ, 84 ಎಳೆ ಮೇಲು.

ಎಳೆಯನ್ನು ಬ್ಲೇಡಿನಿಂದ ಕೆರೆದೂ ನೋಡಬೇಕು. ಒಳಗೆ ಬಿಳಿಯಾಗಿ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ; ಬೇಡ. ತವರದ ಲೇಪದ ತಾಮ್ರವೂ ಹೊರಗೆ ಬೆಳ್ಳಗಿರುತ್ತದೆ, ಆದರೆ ಕೆರೆದಾಗ ಕೆಂಪು ಕಾಣುತ್ತದೆ.

ಎಚ್.ಎಂ.ಟಿ.ಯಂಥ ಯಂತ್ರಗಳ ಒಡೆಯರಿಗೆ ಇನ್ನೊಂದು ತೊಡಕು ಇದೆ. ಪಿಂಜೋರಿನಲ್ಲಿ 1971ರಲ್ಲಿ ಆರಂಭವಾದ ಆ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಹುಡುಕಿದರೂ ಸರಿಯಾದ ಸೆಟ್ ಸಿಗದಿದ್ದರೆ, ಹಳೆಯದನ್ನೇ ಅಳತೆಗೆ ಕೊಟ್ಟು ಆಟೋ ಎಲೆಕ್ಟ್ರಿಷಿಯನ್ನರಿಂದ ಹೊಸದನ್ನು ಕಟ್ಟಿಸಬಹುದು. ಆಗ ತಂತಿಗಳ ಬಣ್ಣ ಹಳೆಯದರಂತೆಯೇ ಇರಲಿ ಎಂದು ಒತ್ತಾಯಿಸಿರಿ; ಮುಂದೆ ದೋಷ ಹುಡುಕುವವನಿಗೆ ಅದೇ ಆಧಾರ. ಹಳೆಯ ಸೆಟ್ಟುಗಳಲ್ಲಿ ಹೆಚ್ಚಾಗಿ ಕಾಣದ ಫ್ಯೂಸ್ ಪೆಟ್ಟಿಗೆಯನ್ನೂ, ಟ್ರೈಲರಿನ ದೀಪಗಳಿಗೆ ಏಳು ಪಿನ್ನಿನ ಸಾಕೆಟ್ಟನ್ನೂ ಆಗಲೇ ಸೇರಿಸಿಕೊಳ್ಳಬೇಕು. ಫ್ಯೂಸ್ ಇರುವುದು ತಂತಿಯ ರಕ್ಷಣೆಗೆ. 14 ಎಳೆಗಳ ತಂತಿಗೆ 20 ಆಂಪಿಯರಿನ ಫ್ಯೂಸ್ ಹಾಕಿದರೆ ಫ್ಯೂಸ್ ಉಳಿದು ತಂತಿ ಸುಡುತ್ತದೆ. ಸೆಲ್ಫಿನ ದಪ್ಪ ಕೇಬಲ್ ಈ ಸೆಟ್ಟಿಗೆ ಸೇರಿದ್ದಲ್ಲ, ಅದನ್ನು ಬೇರೆಯಾಗಿಯೇ ಕೊಳ್ಳಬೇಕು.

ಜೋಡಣೆಗೆ ಮೊದಲು ಬ್ಯಾಟರಿಯ ಅರ್ತ್ ತುದಿಯನ್ನು ಕಳಚತಕ್ಕದ್ದು. ಹಳೆಯ ಸೆಟ್ಟನ್ನು ಕತ್ತರಿಸಿ ತೆಗೆಯದೆ, ಒಂದೊಂದು ತುದಿಗೂ ಚೀಟಿ ಕಟ್ಟಿ ಇಡಿಯಾಗಿ ಬಿಚ್ಚಿ, ಹೊಸದರ ಪಕ್ಕದಲ್ಲಿ ನೆಲದ ಮೇಲೆ ಹಾಸಿ ಹೋಲಿಸಬೇಕು. ತಗಡಿನ ತೂತುಗಳಲ್ಲಿ ರಬ್ಬರ್ ಬಳೆ ಇಲ್ಲದೆ ತಂತಿ ಹಾಯಿಸಬಾರದು. ಸೈಲೆನ್ಸರಿನಿಂದ ಗೇಣು ದೂರವಾದರೂ ಇರಲಿ. ಆಲ್ಟರ್ನೇಟರ್ ಇರುವ ಯಂತ್ರದಲ್ಲಿ ಎಂಜಿನ್ ಓಡುವಾಗ ಬ್ಯಾಟರಿ ತುದಿಯನ್ನು ಬಿಚ್ಚಬಾರದು. ಟ್ರ್ಯಾಕ್ಟರಿಗೋ ಅದಕ್ಕೆ ಕೊಂಡಿ ಹಾಕಿದ ಟ್ರೈಲರಿಗೋ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ, ಆಲ್ಟರ್ನೇಟರ್ ಎರಡರ ತಂತಿಗಳನ್ನೂ ಕಳಚಿಡಬೇಕು. ಹೊಸ ಸೆಟ್ಟಿನಲ್ಲಿ ಎಲ್ಲ ದೀಪಗಳನ್ನೂ ಉರಿಸಿ, ಎಂಜಿನ್ನನ್ನು ಅರ್ಧ ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ತಂತಿಗಳನ್ನು ಕೈಯಿಂದ ಮುಟ್ಟಿ ನೋಡಿರಿ. ಎಲ್ಲಿಯಾದರೂ ಬಿಸಿಯಾಗಿದ್ದರೆ ಆ ಜೋಡಣೆಯನ್ನು ಬಿಚ್ಚಿ ಮತ್ತೆ ಮಾಡಿಸಬೇಕು.