ಗದ್ದೆ ಬೆಳ್ಳಗಾಗುತ್ತಿದೆ, ಮಾರಿಬಿಡಲೇ?

ಪ್ರಶ್ನೆ: ಕಬಿನಿ ನಾಲೆಯ ಕೆಳಗೆ ನಮಗೆ ಒಂದು ಎಕರೆ ಗದ್ದೆಯಿದೆ. ಯಜಮಾನರು ತೀರಿಕೊಂಡ ಮೇಲೆ ನಾನೇ ಬೇಸಾಯ ಮಾಡಿಸುತ್ತಿದ್ದೇನೆ. ಮೂರು ವರ್ಷದಿಂದ ಕುಯ್ಲಾದ ಮೇಲೆ ನೆಲದಲ್ಲಿ ಉಪ್ಪು ಬೆಳ್ಳಗೆ ಎದ್ದು ಕಾಣುತ್ತದೆ, ಪೈರು ಅಲ್ಲಲ್ಲಿ ಸುಟ್ಟಂತಾಗುತ್ತದೆ. ಎಂಜಿನಿಯರಿಂಗ್ ಓದುವ ಮಗ ಕಂಪ್ಯೂಟರ್‌ನಲ್ಲಿ ಮಾಡೆಲ್ ಮಾಡೋಣ ಅನ್ನುತ್ತಾನೆ. ಕೆಳಗಿನ ಗದ್ದೆಯ ಮೈದುನ, 'ಅತ್ತಿಗೆ, ಮಾರಿಬಿಡಿ' ಅನ್ನುತ್ತಾನೆ.
– ಓದುಗರು, ತಿ. ನರಸೀಪುರ ತಾಲ್ಲೂಕು

ತಾಯಿ, ಈ ಬೇಸಿಗೆ ಕಳೆಯುವವರೆಗೆ ಮಾರುವ ಮಾತು ಬೇಡ.

ನಾಲೆ ಬಯಲಿನಲ್ಲಿ ಚೌಳು ಹೆಚ್ಚಾಗಿ ಕೆಳಗಿನಿಂದ ಏರುತ್ತದೆ. ನಾಲೆಯಿಂದಲೂ ಮೇಲಿನ ಗದ್ದೆಗಳಿಂದಲೂ ಇಂಗಿದ ನೀರು ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಕುಯ್ಲು ಮುಗಿದು ನೆಲ ಬರಿದಾದರೆ, ಬತ್ತಿ ಎಣ್ಣೆ ಎಳೆದಂತೆ ಮಣ್ಣು ಆ ನೀರನ್ನು ಮೇಲಕ್ಕೆಳೆಯುತ್ತದೆ. ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಅಡಿಯ ನೀರಿನ ಲವಣಾಂಶದ ಅಳತೆ (ಇಸಿ) 2 ಇದ್ದರೆ ಲೀಟರಿಗೆ ಸುಮಾರು 1.3 ಗ್ರಾಂ ಉಪ್ಪು. ಬೇಸಿಗೆಯಲ್ಲಿ 100 ಮಿಲಿಮೀಟರ್ ನೀರು ಏರಿದರೂ ಎಕರೆಗೆ ಅದು 4 ಲಕ್ಷ ಲೀಟರ್. ಯಾರೂ ತಂದು ಸುರಿಯದೆಯೇ 5 ಕ್ವಿಂಟಾಲ್ ಉಪ್ಪು ನಿಮ್ಮ ಪೈರಿನ ಬೇರಿನ ಬಳಿ ಬಂದು ಕೂರುತ್ತದೆ.

ಮಗ ಹೇಳುವ ಮಾಡೆಲ್ ಎಂದರೆ ಇದೇ ನೀರಿನ ಜಮಾ-ಖರ್ಚು. ನಾಲೆ ನೀರು, ಮಳೆ, ಕೆಳಗಿನಿಂದ ಏರಿದ್ದು ಜಮಾ. ಆವಿಯಾದದ್ದು, ಬಸಿದು ಹೋದದ್ದು ಖರ್ಚು. ಹೈಡ್ರಸ್ ತಂತ್ರಾಂಶಕ್ಕೆ ಮಣ್ಣಿನ ಪದರ ಪದರದ ಗುಣ ತಿಳಿಸಬೇಕು. ಅಷ್ಟು ವಿವರ ಕೇಳದೆ ಹಂಗಾಮುವಾರು ಲೆಕ್ಕ ಹಾಕುವ ಸಾಲ್ಟ್‌ಮಾಡ್ ನಿಮಗೆ ಸಾಕು. ಆದರೆ ಅವನು ಮೊದಲು ಗದ್ದೆಗೆ ಇಳಿಯಲಿ. ಎರಡು ಮೀಟರ್ ಆಳಕ್ಕೆ ಕೊರೆದು, ಕೆಳಭಾಗದಲ್ಲಿ ತೂತು ಮಾಡಿ ಬಟ್ಟೆ ಸುತ್ತಿದ ಪಿವಿಸಿ ಪೈಪು ಇಳಿಸಲಿ. ಹದಿನೈದು ದಿನಕ್ಕೊಮ್ಮೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನೀರು ಎಷ್ಟು ಕೆಳಗಿದೆಯೆಂದು ನೀವೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬೇಸಿಗೆಯಲ್ಲೂ ಒಂದೂವರೆ ಮೀಟರ್ ಒಳಗೇ ನೀರು ಸಿಕ್ಕರೆ ರೋಗದ ಮೂಲ ಗೊತ್ತಾದಂತೆ. ಕಂಪ್ಯೂಟರ್ ಹೇಳಿದ ಆಳ ಪೈಪಿನ ಆಳಕ್ಕೆ ಒಂದು ಹಂಗಾಮಾದರೂ ತಾಳೆಯಾಗದಿದ್ದರೆ, ಮುಂದಿನ ವರ್ಷದ ಬಗ್ಗೆ ಅದು ಹೇಳುವುದನ್ನು ನಂಬಬೇಡಿ.

ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ ನಿಮಗೆ ದೂರವಲ್ಲ, ಪಕ್ಕದ ನಂಜನಗೂಡು ತಾಲ್ಲೂಕಿನಲ್ಲೇ ಇದೆ. ಮಣ್ಣಿನ ಇಸಿ, ಪಿಎಚ್ ಎರಡನ್ನೂ ತಿಳಿಯಬೇಕೆಂದು ಅಲ್ಲಿ ವಿಚಾರಿಸಿ. ಇಸಿ 4 ದಾಟಿ ಪಿಎಚ್ 8.5ರ ಒಳಗಿದ್ದರೆ ಜಿಪ್ಸಂಗೆ ಹಣ ಹಾಕಬೇಡಿ. ಅದು ಕ್ಷಾರ ಮಣ್ಣಿಗೆ ಬೇಕಾದ ಮದ್ದು. ಈ 4ರ ಗಡಿ ಮಣ್ಣಿನ ಸಂತೃಪ್ತ ಸಾರದ್ದು. ಹೆಚ್ಚು ನೀರು ಬೆರೆಸಿ ಅಳೆದರೆ ಅಂಕಿ ಕಡಿಮೆ ಬರುತ್ತದೆ, ಯಾವ ವಿಧಾನವೆಂದು ಕೇಳಿಕೊಳ್ಳಿ.

ಅಲ್ಲಿಯವರೆಗೆ ಹುಲ್ಲನ್ನೆಲ್ಲ ಮಾರದೆ ಸ್ವಲ್ಪ ನೆಲಕ್ಕೆ ಹೊದಿಸಿ. ಉಪ್ಪು ತೊಳೆಯುತ್ತದೆಂದು ನೀರು ಕಟ್ಟಬೇಡಿ. ಬಸಿಯುವ ದಾರಿ ಇಲ್ಲದಿದ್ದರೆ ಅಡಿಯ ನೀರೇ ಇನ್ನಷ್ಟು ಮೇಲೆ ಬರುತ್ತದೆ.

ಆ ದಾರಿಯೆಂದರೆ ಬಸಿಗಾಲುವೆ. ಅದು ಹಳ್ಳ ಸೇರಬೇಕಾದರೆ ಬಹುಶಃ ನಿಮ್ಮ ಮೈದುನನ ಗದ್ದೆ ಹಾಯ್ದೇ ಹೋಗಬೇಕು. ನಿಮಗಿಂತ ತಗ್ಗಿನಲ್ಲಿರುವ ಅವರ ಗದ್ದೆಗೂ ಇದೇ ಗತಿ ಬರಬಹುದು. ಅವರ ಬದುವಿನಲ್ಲೂ ಒಂದು ಪೈಪು ಇಳಿಸಲು ಒಪ್ಪಿಸಿ. ಯುಗಾದಿ ಹೊತ್ತಿಗೆ ಎರಡೂ ಪೈಪಿನ ಲೆಕ್ಕ ಮುಂದಿಟ್ಟುಕೊಂಡು ಕಾಲುವೆಯ ಮಾತು ತೆಗೆಯಿರಿ.