ಹೂಜಿಗಿಡದ ಹೂವು

ಕೀಟಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಗಿಡವೂ ಬೀಜ ಕಟ್ಟಬೇಕಾದರೆ ಕೀಟಗಳ ನೆರವನ್ನೇ ಬೇಡಬೇಕು. ಹಾಗಾದರೆ ಅದು ತನ್ನ ಆಹಾರವನ್ನೂ ತನ್ನ ಉಪಕಾರಿಯನ್ನೂ ಬೇರ್ಪಡಿಸುವುದು ಹೇಗೆ? ಸರಸೀನಿಯ ಎಂಬ ಹೂಜಿಗಿಡವನ್ನು ಹಿತ್ತಲಿನಲ್ಲಿ ಬೆಳೆಸಿ, ಅದರ ಹೂವಿನ ಛಾಯಾಚಿತ್ರಗಳನ್ನು ಕ್ರಮವಾಗಿ ತೆಗೆಯುವವರಿಗೆ ಇದರ ಉತ್ತರ ಕಣ್ಣೆದುರಿಗೇ ದೊರೆಯುತ್ತದೆ.

ಈ ಕುಲದ ಬಹುತೇಕ ಪ್ರಭೇದಗಳ ತವರು ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದ ಜೌಗು ಬಯಲು. ಅಲ್ಲಿನ ಮಣ್ಣು ಆಮ್ಲೀಯವಾದುದು. ಅದರಲ್ಲಿ ಸಾರಜನಕ ಬಲು ಕಡಮೆ. ಆ ಕೊರತೆಯನ್ನು ತುಂಬಿಕೊಳ್ಳಲೆಂದೇ ಎಲೆಯು ಹೂಜಿಯ ಆಕಾರವನ್ನು ತಳೆದಿದೆ. ಬಾಯಂಚಿನ ಮಕರಂದಕ್ಕೆ ಮರುಳಾದ ಕೀಟ ನುಣುಪಾದ ಒಳಗೋಡೆಯಲ್ಲಿ ಜಾರಿ ಬೀಳುತ್ತದೆ. ಕೆಳಮುಖವಾದ ರೋಮಗಳು ಅದನ್ನು ಮೇಲೇರಗೊಡುವುದಿಲ್ಲ.

ಆದುದರಿಂದ ಇದರ ಬೇಸಾಯದ ಮೊದಲ ಪಾಠವೆಂದರೆ ಮಣ್ಣಿನ ಬಡತನವನ್ನು ಕಾಪಾಡುವುದು. ಅಲ್ಲಿನ ಹವ್ಯಾಸಿಗಳು ಹಿತ್ತಲಿನಲ್ಲಿ ಸುಮಾರು 45 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಒಳಗೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಪೀಟ್ ಮತ್ತು ಸುಣ್ಣದ ಅಂಶವಿಲ್ಲದ ತೊಳೆದ ಮರಳಿನ ಮಿಶ್ರಣವನ್ನು ತುಂಬುತ್ತಾರೆ. ಹೆಚ್ಚಿನ ನೀರು ಹೊರಹೋಗಲು ಹಾಳೆಯ ಪಕ್ಕದಲ್ಲಿ, ಮೇಲ್ಮೈಗಿಂತ ಸ್ವಲ್ಪ ಕೆಳಗೆ, ರಂಧ್ರಗಳಿರಬೇಕು. ಮಳೆನೀರು ಶ್ರೇಷ್ಠ, ಲವಣಗಳಿರುವ ಗಡಸು ನೀರು ಕ್ರಮೇಣ ಬೇರನ್ನು ಕೆಡಿಸುತ್ತದೆ. ಮಣ್ಣಿಗೆ ಗೊಬ್ಬರ ಹಾಕಲೇಬಾರದು. ದಿನಕ್ಕೆ ಆರು ಗಂಟೆಗಳಿಗೆ ಕಡಮೆಯಿಲ್ಲದ ಬಿಸಿಲೂ ಚಳಿಗಾಲದ ವಿಶ್ರಾಂತಿಯೂ ಅವಶ್ಯಕ. ಈ ವಿಶ್ರಾಂತಿ ದೊರೆಯದ ನಮ್ಮ ಬಯಲುಸೀಮೆಯಲ್ಲಿ ಇದನ್ನು ಬಹುಕಾಲ ಉಳಿಸಿಕೊಳ್ಳುವುದು ಕಷ್ಟ.

ಹಳದಿ ಹೂವಿನ ಫ್ಲೇವ ಪ್ರಭೇದದಲ್ಲಿ ವಸಂತ ಕಾಲಿಟ್ಟೊಡನೆ ನೀಳವಾದ ಹೂದಂಟು ಮೇಲೇಳುತ್ತದೆ. ಹೊಸ ಹೂಜಿಗಳು ಬಾಯಿ ತೆರೆಯುವ ಮುನ್ನವೇ ಹೂವು ಅರಳುತ್ತದೆ. ಉಪಕಾರಿಗೂ ಬಲೆಗೂ ನಡುವೆ ಹೀಗೆ ಕಾಲದ ಅಂತರವೇರ್ಪಡುತ್ತದೆ. ತಲೆಕೆಳಗಾಗಿ ತೂಗುವ ಈ ಹೂವಿನ ಶಲಾಕೆಯು ಮಗುಚಿದ ಕೊಡೆಯಂತಿದ್ದು, ಕೇಸರಗಳಿಂದ ಉದುರುವ ಪರಾಗ ಅದರೊಳಗೆ ಸಂಗ್ರಹವಾಗುತ್ತದೆ. ಕೊಡೆಯ ಐದು ಮೂಲೆಗಳ ತುದಿಯಲ್ಲಿ ಪರಾಗವನ್ನು ಸ್ವೀಕರಿಸುವ ಶಲಾಕಾಗ್ರಗಳಿವೆ. ಒಳನುಗ್ಗುವ ದುಂಬಿ ಶಲಾಕಾಗ್ರವನ್ನು ಸವರಿಕೊಂಡೇ ಹೋಗಿ, ಬೇರೊಂದು ಹೂವಿನಿಂದ ತಂದ ಪರಾಗವನ್ನು ಅಲ್ಲಿ ಬಿಡುತ್ತದೆ. ಹೊರಬರುವಾಗ ಜೋತಾಡುವ ದಳವನ್ನು ತಳ್ಳಿಕೊಂಡು ಬರುತ್ತದೆ. ಒಳಬರಲು ಒಂದು ಬಾಗಿಲು, ಹೊರಹೋಗಲು ಇನ್ನೊಂದು! ಇದರಿಂದ ಸ್ವಪರಾಗಸ್ಪರ್ಶದ ಸಂಭವ ಬಹಳ ಕಡಮೆಯಾಗುತ್ತದೆ.

ಈ ರಚನೆಯನ್ನು ಮೇಲಿನಿಂದ ತೆಗೆದ ಚಿತ್ರ ತೋರಿಸಲಾರದು. ಕ್ಯಾಮರವನ್ನು ಟ್ರೈಪಾಡಿನ ಮೇಲೆ ಹೂವಿಗಿಂತ ತುಸು ತಗ್ಗಿನಲ್ಲಿರಿಸಿ, ಮಸೂರವನ್ನು ಮೇಲ್ಮುಖವಾಗಿ ಓರೆಮಾಡಬೇಕು. ಹೂವಿನ ಕೆಳಗೆ ಬಿಳಿಯ ರಟ್ಟನ್ನಿಟ್ಟರೆ ಬೆಳಕು ಪ್ರತಿಫಲಿಸಿ ಕೊಡೆಯ ಹೊರಮೈಯನ್ನೂ ಮೂಲೆಗಳನ್ನೂ ಬೆಳಗುತ್ತದೆ. ಮೋಡ ಕವಿದ ಮುಂಜಾವು ಒಳ್ಳೆಯ ವೇಳೆ. ಪ್ರಖರ ಬಿಸಿಲಿನಲ್ಲಿ ಹಳದಿ ದಳಗಳ ಗೆರೆಗಳು ಮಾಸಿಹೋಗುತ್ತವೆ. ಮಸೂರದ ದ್ವಾರವನ್ನು ಎಫ್-11 ಅಥವಾ ಎಫ್-16ಕ್ಕೆ ಕಿರಿದುಗೊಳಿಸಿದರೆ ಹೂವಿನ ಹೆಚ್ಚು ಭಾಗ ಸ್ಪಷ್ಟವಾಗಿ ಮೂಡುತ್ತದೆ. ಆಗ ಬೆಳಕು ಹಾಯುವ ಸಮಯ ಹೆಚ್ಚುವುದರಿಂದ ಗಾಳಿಗೆ ಮರೆ ಕಟ್ಟಬೇಕು. ಮೊಗ್ಗು, ಅರಳಿದ ಹೂವು, ದಳ ಉದುರಿದ ಸ್ಥಿತಿ, ತೆರೆದ ಹೂಜಿ - ಇವುಗಳ ಚಿತ್ರಗಳನ್ನು ಒಂದೇ ದೂರದಿಂದ ತೆಗೆದು ದಿನಾಂಕ ಬರೆದಿಟ್ಟರೆ, ಗಿಡದ ಕಾಲಕ್ರಮ ತಾನಾಗಿ ತಿಳಿದುಬರುತ್ತದೆ.

ಜೌಗುಗಳನ್ನು ಬಸಿದು ಒಣಗಿಸಿದುದರಿಂದಲೂ, ಪೊದೆಗಳನ್ನು ತಡೆಯುತ್ತಿದ್ದ ಸಹಜ ಕಾಳ್ಗಿಚ್ಚನ್ನು ನಂದಿಸಿದುದರಿಂದಲೂ ಈ ಗಿಡಗಳ ನೆಲೆ ಬಹಳ ಕುಗ್ಗಿದೆ. ಓರಿಯೋಫಿಲ ಎಂಬ ಪ್ರಭೇದವನ್ನು 1979ರಲ್ಲಿ ಅಮೆರಿಕದ ಸರ್ಕಾರ ಅಪಾಯಕ್ಕೊಳಗಾದ ಸಸ್ಯವೆಂದು ಘೋಷಿಸಿತು. ಆದಕಾರಣ ಕಾಡಿನಿಂದ ಕಿತ್ತ ಗಿಡವನ್ನು ಕೊಳ್ಳದೆ, ಸಸ್ಯಪಾಲನಾಲಯದಲ್ಲಿ ಬೆಳೆಸಿದ ಗಿಡವನ್ನೇ ತರಬೇಕು. ಬೀಜದಿಂದ ಬೆಳೆದ ಸಸಿ ಹೂಬಿಡಲು ಹಲವು ವರ್ಷ ಬೇಕು. ಬೇರುಸಹಿತ ಕಿತ್ತೊಯ್ಯಲು ಒಂದು ಗಳಿಗೆ ಸಾಕು.