ಷೇರು ವಾಪಸು ಪಡೆಯುವಾಗ ಮೀಸಲು ನಿಧಿಯಲ್ಲಿ ಪಾಲು ಉಂಟೇ?



ಹಸುಗಳನ್ನು ಮಾರಿ, ಊರು ಬಿಟ್ಟು ಮಗನ ಮನೆಗೆ ಹೊರಟ ಹಿರಿಯ ಸದಸ್ಯರೊಬ್ಬರು ಸಂಘಕ್ಕೆ ಬಂದು ತಮ್ಮ ಷೇರು ಹಣ ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಕಾರ್ಯದರ್ಶಿಯವರು ಐದು ಷೇರಿಗೆ 500 ರೂಪಾಯಿ ಎಣಿಸಿ ಕೊಡುತ್ತಾರೆ. "ಇಪ್ಪತ್ತು ವರ್ಷ ಹಾಲು ಹಾಕಿದ್ದೇನೆ. ಸಂಘಕ್ಕೆ ಸ್ವಂತ ಕಟ್ಟಡವಿದೆ, ಮೀಸಲು ನಿಧಿ ಇದೆ. ಅದರಲ್ಲಿ ನನ್ನ ಪಾಲೆಲ್ಲಿ?" ಎಂದು ಅವರು ಕೇಳಿದರೆ ತಪ್ಪೇನಿಲ್ಲ. ಆದರೆ ಸರಿಯಾದ ಉತ್ತರ ಕೊಡಲು ಸದಸ್ಯರೆಲ್ಲರಿಗೂ ಲೆಕ್ಕ ತಿಳಿದಿರಬೇಕು.

ಮೂರು ಬಗೆಯ ಹಣ

ಷೇರು ಬಂಡವಾಳ ಸದಸ್ಯರು ಕಟ್ಟಿದ ಹಣ. ಮೀಸಲು ನಿಧಿ ಲಾಭದಲ್ಲಿ ಹಂಚದೆ ಉಳಿಸಿದ ಹಣ. ಇದು ಇಡೀ ಸಂಘದ್ದು, ಯಾರೊಬ್ಬರ ಹೆಸರಿನಲ್ಲೂ ಇಲ್ಲ. ಡಿವಿಡೆಂಡ್ ಎಂದರೆ ಲಾಭದಲ್ಲಿ ಷೇರಿಗೆ ಸಿಗುವ ಪಾಲು. ಹಾಲು ಹಾಕಿದ್ದಕ್ಕೆ ಸಿಗುವ ಬೋನಸ್ ಬೇರೆ. ಅದನ್ನು ಷೇರು ನೋಡಿ ಕೊಡುವುದಿಲ್ಲ, ಹಾಕಿದ ಹಾಲನ್ನು ನೋಡಿ ಕೊಡುತ್ತಾರೆ.

ಒಂದು ಉದಾಹರಣೆ

ಒಂದು ಸಂಘದ ಷೇರು ಬಂಡವಾಳ 60,000 ರೂ., ಮೀಸಲು ನಿಧಿ 1,40,000 ರೂ., ಈ ವರ್ಷದ ನಿವ್ವಳ ಲಾಭ 80,000 ರೂ. ಎನ್ನೋಣ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 57ನೇ ಪ್ರಕರಣದಂತೆ ನಿವ್ವಳ ಲಾಭದಲ್ಲಿ ಶೇ. 25ಕ್ಕೆ ಕಡಿಮೆಯಿಲ್ಲದಂತೆ ಮೀಸಲು ನಿಧಿಗೆ ಹಾಕಬೇಕು. ಅಂದರೆ 20,000 ರೂ. ಅಲ್ಲಿಗೆ ಹೋಗಿ, ಮೀಸಲು ನಿಧಿ 1,60,000 ರೂ. ಆಗುತ್ತದೆ. ಮಹಾಸಭೆ ಶೇ. 10 ಡಿವಿಡೆಂಡ್ ಒಪ್ಪಿದರೆ ಅದಕ್ಕೆ 6,000 ರೂ. ಬೇಕು. ಉಳಿದ 54,000 ರೂ. ಸಹಕಾರ ಶಿಕ್ಷಣ ನಿಧಿ, ಬೋನಸ್ ಮುಂತಾದವುಗಳಿಗೆ ಕಾಯ್ದೆ ಮತ್ತು ಬೈಲಾದಂತೆ ಹಂಚಿಕೆಯಾಗುತ್ತದೆ.

ಈಗ ಹಿರಿಯರ ಲೆಕ್ಕ. ಅವರ ಷೇರು 500 ರೂ., ಘೋಷಿಸಿದ ಡಿವಿಡೆಂಡ್ 50 ರೂ., ಜೊತೆಗೆ ಆ ವರ್ಷ ಹಾಕಿದ ಹಾಲಿನ ಬೋನಸ್. ಪಶು ಆಹಾರದ ಬಾಕಿ ಇದ್ದರೆ ಅದನ್ನು ಕಳೆಯಬೇಕು. ಷೇರು ವಾಪಸಾದ ಮೇಲೆ ಷೇರು ಬಂಡವಾಳ 59,500 ರೂ. ಆಗುತ್ತದೆ, ನಗದು 500 ರೂ. ಇಳಿಯುತ್ತದೆ. ಮೀಸಲು ನಿಧಿ ಒಂದು ರೂಪಾಯಿಯೂ ಕದಲುವುದಿಲ್ಲ. ಷೇರು ವಾಪಸು ಮಾಡಿದ ಹಣವನ್ನು ಲಾಭ-ನಷ್ಟ ತಖ್ತೆಯಲ್ಲಿ ಖರ್ಚೆಂದು ಬರೆಯಬಾರದು. ಬರೆದರೆ ಲಾಭ ಸುಳ್ಳಾಗಿ ಕಡಿಮೆ ಕಾಣುತ್ತದೆ, ಬೋನಸ್ಸಿಗೂ ಪೆಟ್ಟು ಬೀಳುತ್ತದೆ.

ಕಂಪನಿಗಳಲ್ಲಿ ಹೇಗೆ?

ಕಂಪನಿಗಳು ವಾಪಸು ಕೊಡುವ ಕರಾರಿನ ಆದ್ಯತಾ ಷೇರುಗಳನ್ನು ಹೊರಡಿಸುವುದುಂಟು. 2013ರ ಕಂಪನಿ ಕಾಯ್ದೆಯ 55ನೇ ಪ್ರಕರಣದಂತೆ ಅವುಗಳ ಹಣವನ್ನು ಹೊಸ ಷೇರು ಮಾರಿ ಬಂದ ಹಣದಿಂದ ಅಥವಾ ಡಿವಿಡೆಂಡ್ ಹಂಚಬಹುದಾದ ಲಾಭದಿಂದ ಮಾತ್ರ ಹಿಂತಿರುಗಿಸಬೇಕು. ಲಾಭದಿಂದ ಕೊಟ್ಟರೆ, ಷೇರಿನ ಮುಖಬೆಲೆಯಷ್ಟೇ ಲಾಭವನ್ನು ಬೇರೊಂದು ಬಂಡವಾಳ ಮೀಸಲಿಗೆ ಹಾಕಬೇಕು. ಅದನ್ನು ಡಿವಿಡೆಂಡ್ ಆಗಿ ಹಂಚುವಂತಿಲ್ಲ. ಷೇರುದಾರರು ಹೊರಟರೂ ಸಾಲ ಕೊಟ್ಟವರ ಭದ್ರತೆ ಕರಗಬಾರದು ಎಂಬುದೇ ಇದರ ಉದ್ದೇಶ. ನಮ್ಮ ಸಂಘಗಳಲ್ಲೂ ನೀತಿ ಅದೇ. ಹೊರಟವರ ಷೇರಿನ ಜಾಗವನ್ನು ಹೊಸ ಸದಸ್ಯರ ಷೇರು ತುಂಬಬೇಕು, ಮೀಸಲು ನಿಧಿ ಗಟ್ಟಿಯಾಗಿ ನಿಲ್ಲಬೇಕು.

ಮೀಸಲು ಏಕೆ ಹಂಚಬಾರದು?

ಮೀಸಲು ನಿಧಿ ಎಂದರೆ ಪೆಟ್ಟಿಗೆಯಲ್ಲಿಟ್ಟ ನೋಟಿನ ಕಟ್ಟಲ್ಲ. ಆಸ್ತಿ-ಜವಾಬ್ದಾರಿ ತಖ್ತೆಯಲ್ಲಿ ಅದು ಜವಾಬ್ದಾರಿ ಬದಿಯಲ್ಲಿರುತ್ತದೆ. ಎದುರು ಬದಿ ನೋಡಿ: ಬ್ಯಾಂಕಿನ ಠೇವಣಿ, ಕಟ್ಟಡ, ಹಾಲು ಪರೀಕ್ಷಾ ಯಂತ್ರ, ಒಕ್ಕೂಟದಲ್ಲಿಟ್ಟ ಷೇರು. ಹೊರಟವರಿಗೆಲ್ಲ ಪಾಲು ಕೊಡಲು ಹೊರಟರೆ ಇವನ್ನೇ ಮಾರಬೇಕಾಗುತ್ತದೆ.

ನಮ್ಮ ಜಿಲ್ಲೆಯ ಕೂಡಿಗೆಯಲ್ಲಿ 1955ರಲ್ಲೇ ಹಾಲಿನ ಸಹಕಾರ ಆರಂಭವಾಯಿತು. ಅಂದಿನವರು ಎಲ್ಲವನ್ನೂ ಹಂಚಿಕೊಂಡು ಹೋಗಿದ್ದರೆ ಮುಂದಿನವರಿಗೆ ಏನು ಉಳಿಯುತ್ತಿತ್ತು? 2018ರ ಆಗಸ್ಟ್ ತಿಂಗಳ ಮಳೆ ಮತ್ತು ಭೂಕುಸಿತವನ್ನು ಕಂಡ ಕೊಡಗಿನವರಿಗೆ ಆಪತ್ಕಾಲದ ಹಣ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ಹಿರಿಯರ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಅವರು ಸದಸ್ಯರಾದ ದಿನ ಒಂದು ಷೇರಿಗೆ 100 ರೂಪಾಯಿ ಕೊಟ್ಟರೇ ಹೊರತು, ಅದುವರೆಗೆ ಕೂಡಿದ್ದ ಮೀಸಲಿಗೆ ಬೆಲೆ ಕಟ್ಟಿರಲಿಲ್ಲ. ಹಿಂದಿನವರು ಉಳಿಸಿದ್ದರ ನೆರಳಿನಲ್ಲಿ ಅವರು ಇಪ್ಪತ್ತು ವರ್ಷ ಹಾಲು ಹಾಕಿದರು. ಅವರು ಬಿಟ್ಟುಹೋಗುವುದು ನಾಳೆ ಸೇರುವವರಿಗೆ ನೆರಳಾಗುತ್ತದೆ. ಇದನ್ನು ಅವರಿಗೆ ಗೌರವದಿಂದ ಕೂರಿಸಿ ಹೇಳುವುದು ಆಡಳಿತ ಮಂಡಳಿಯ ಕರ್ತವ್ಯ.

ಮುಂದಿನ ಮಹಾಸಭೆಯಲ್ಲಿ ನೀವು ನೋಡಬೇಕಾದ್ದು

1. ನಿವ್ವಳ ಲಾಭದ ಕಾಲು ಭಾಗವಾದರೂ ಮೀಸಲು ನಿಧಿಗೆ ಸೇರಿದೆಯೇ?
2. ವಾಪಸು ಕೊಟ್ಟ ಷೇರು ಹಣ ಷೇರು ಖಾತೆಯಲ್ಲೇ ಕಳೆದಿದೆಯೇ?
3. ಡಿವಿಡೆಂಡ್ ಲೆಕ್ಕ ಪರಿಶೋಧನೆಯಾದ ಲಾಭದಿಂದಲೇ, ಬೈಲಾದ ಮಿತಿಯೊಳಗೇ ಇದೆಯೇ?
4. ಹೋದ ವರ್ಷ ಘೋಷಿಸಿದ ಡಿವಿಡೆಂಡ್ ಯಾರಿಗಾದರೂ ಬಾಕಿ ಉಳಿದಿದೆಯೇ?

ವಾರ್ಷಿಕ ವರದಿಯನ್ನು ಮನೆಯಲ್ಲೇ ಒಮ್ಮೆ ಓದಿಕೊಂಡು ಸಭೆಗೆ ಬನ್ನಿ. ಸಂಶಯವಿದ್ದರೆ ಎದ್ದು ನಿಂತು ಕೇಳಿ. ಅದು ಸದಸ್ಯರ ಹಕ್ಕು.